ಸವೆದ ಕಂಟ್ರೋಲ್ ಆರ್ಮ್: ಮಲೆನಾಡಿನ ಪಿಕಪ್‌ಗೆ ಹೊಸ ಬುಷ್, ಬಾಲ್ ಜಾಯಿಂಟ್ ಕೂರಿಸುವ ಕ್ರಮ

ಘಾಟಿ ಇಳಿಯುವಾಗ ಬ್ರೇಕ್ ಒತ್ತಿದೊಡನೆ ಕಾಲಡಿಯಿಂದ ಒಮ್ಮೆ, ಬ್ರೇಕ್ ಬಿಟ್ಟೊಡನೆ ಇನ್ನೊಮ್ಮೆ ‘ಡಕ್’ ಎಂಬ ದಪ್ಪ ಸದ್ದು ಕೇಳಿಬರತೊಡಗಿದರೆ, ಪಿಕಪ್‌ನ ಮುಂದಿನ ಚಕ್ರಗಳನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಬುಷ್ (ಒಳಗಿನ ಕೊಳವೆಗೂ ಹೊರಗಿನ ಬಳೆಗೂ ನಡುವೆ ರಬ್ಬರು ತುಂಬಿದ ಭಾಗ) ಸವೆದಿದೆಯೆಂದು ಮೊದಲು ಅನುಮಾನಿಸಬೇಕು. ಇದರೊಂದಿಗೆ ಮುಂದಿನ ಟೈರಿನ ಒಳಅಂಚು ಮಾತ್ರ ಬೋಳಾಗುತ್ತಿದ್ದರೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತಿದ್ದರೆ, ನೇರವಾದ ರಸ್ತೆಯಲ್ಲಿಯೂ ಸ್ಟೀರಿಂಗನ್ನು ತಿದ್ದುತ್ತಲೇ ಇರಬೇಕಾಗಿ ಬಂದರೆ ಆ ಅನುಮಾನ ಗಟ್ಟಿಯಾಗುತ್ತದೆ. ನಮ್ಮ ಕಡೆ ಈ ಸವೆತ ಬೇಗ ಬರುವುದಕ್ಕೆ ಕಾರಣವಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಲಿನ ಹಳ್ಳಿಗಳಲ್ಲಿ, ಡಾಂಬರು ಮುಗಿದ ಮೇಲೂ ತೋಟದ ಮನೆಯವರೆಗೆ ಕೊರಕಲು ಬಿದ್ದ ಮಣ್ಣಿನ ದಾರಿ ಉಳಿದಿರುತ್ತದೆ. ಅಲ್ಲಿನ ಕೆಮ್ಮಣ್ಣಿನ ರಾಡಿ ಆರ್ಮ್‌ನ ಸಂದಿಗಳಲ್ಲಿ ಮೆತ್ತಿಕೊಂಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದೆ, ಬೋಲ್ಟಿಗೆ ತುಕ್ಕನ್ನೂ ಬಾಲ್ ಜಾಯಿಂಟ್ ಎಂಬ ಗುಂಡುಕೀಲಿನ ಹರಿದ ಬೂಟಿನ, ಎಂದರೆ ರಬ್ಬರ್ ಮುಸುಕಿನ, ಒಳಕ್ಕೆ ಮರಳನ್ನೂ ಸೇರಿಸುತ್ತದೆ.

ಈ ಕೆಲಸವನ್ನು ನಾನು ಕಲಿತದ್ದು ಒಂದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಲೋವರ್ ಆರ್ಮ್‌ನ, ಎಂದರೆ ಕೆಳಗಿನ ಆರ್ಮ್‌ನ, ನಾಲ್ಕೂ ಬುಷ್‌ಗಳನ್ನು ಹೊಸದಾಗಿ ಹಾಕಿಸಿದ್ದೆ. ಕಂಪನಿಯ ಅಸಲಿ ಬುಷ್‌ಗಳೇ ಆಗಿದ್ದರೂ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಸದ್ದು ಮರಳಿ ಬಂತು. ಬಿಚ್ಚಿ ನೋಡಿದಾಗ ರಬ್ಬರು ಒಳಗಿನ ಕೊಳವೆಯ ಸುತ್ತ ಅರ್ಧಚಂದ್ರದ ಆಕಾರದಲ್ಲಿ, ಬ್ಲೇಡಿನಿಂದ ಕೊಯ್ದ ಹಾಗೆ ಹರಿದಿತ್ತು, ಅದೂ ಎಡಬಲ ಎರಡೂ ಕಡೆ ಒಂದೇ ಜಾಗದಲ್ಲಿ. ಸರಕಿನಲ್ಲಿ ದೋಷವಿರಲಿಲ್ಲ. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಆರ್ಮ್ ಕೆಳಗೆ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದದ್ದು ತಪ್ಪಾಗಿತ್ತು. ಈ ಲೇಖನದಿಂದ ಒಂದೇ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳುವುದಾದರೆ ಅದು ಈ ಬಿಗಿತದ ಮಾತೇ ಆಗಲಿ ಎಂಬುದು ನನ್ನ ಆಸೆ. ಅದರ ವಿವರವನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ಗಾಡಿಯ ಮುಂಭಾಗದಲ್ಲಿ ಕಂಟ್ರೋಲ್ ಆರ್ಮ್ ಇದೆಯೇ ಎಂದು ನೋಡಿಕೊಳ್ಳಬೇಕು. ಸರಕು ಸಾಗಿಸುವ ಹಲವು ಪಿಕಪ್‌ಗಳ ಮುಂದಿನ ಆಕ್ಸೆಲ್ ಒಂದೇ ತುಂಡಾಗಿದ್ದು ಕಮಾನು ಪಟ್ಟಿಗಳ ಮೇಲೆ ಕೂತಿರುತ್ತದೆ. ಅಂಥವುಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ. ಇಸುಜು ಡಿ-ಮ್ಯಾಕ್ಸ್‌ನಲ್ಲಿ, 2022ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಟೊಯೊಟಾ ಹೈಲಕ್ಸ್‌ನಲ್ಲಿ ಪ್ರತಿ ಮುಂದಿನ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್ ಇರುತ್ತದೆ. ಪ್ರತಿ ಆರ್ಮ್‌ನ ಒಂದು ತುದಿಯನ್ನು ಎರಡು ಬುಷ್‌ಗಳ ಮೂಲಕ ಚಾಸಿಗೆ, ಇನ್ನೊಂದು ತುದಿಯನ್ನು ಬಾಲ್ ಜಾಯಿಂಟ್ ಮೂಲಕ ಚಕ್ರ ಹೊತ್ತ ನಕಲ್‌ಗೆ ಜೋಡಿಸಿರುತ್ತಾರೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿರುವುದರಿಂದ ಗಾಡಿಯ ಭಾರವೆಲ್ಲ ಕೆಳಗಿನ ಬಾಲ್ ಜಾಯಿಂಟಿನ ಮೂಲಕವೇ ಚಕ್ರಕ್ಕೆ ಇಳಿಯುತ್ತದೆ. ಅದು ಕಳಚಿದರೆ ಚಕ್ರ ಮಗುಚಿ ಬೀಳುತ್ತದೆ. ಘಾಟಿಯ ತಿರುವಿನಲ್ಲಿ ಹಾಗಾದರೆ ಚಾಲಕನ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಎಲ್ಲಿ ಸವೆದಿದೆ ಎಂದು ಕಂಡುಹಿಡಿಯುವುದು

ಚಾಸಿಗೆ ಜಾಕ್ ಕೊಟ್ಟು ಎತ್ತಿ ಚಕ್ರವನ್ನು ಅಲ್ಲಾಡಿಸಿ ‘ಪ್ಲೇ ಇಲ್ಲ’ ಎಂದು ತೀರ್ಮಾನಿಸುವವರನ್ನು ಬಹಳ ಕಡೆ ಕಂಡಿದ್ದೇನೆ. ಹಾಗೆ ಎತ್ತಿದಾಗ ಸ್ಪ್ರಿಂಗಿನ ಒತ್ತಡ ಆರ್ಮ್‌ಗಳ ಮೇಲೆ ಉಳಿದುಕೊಂಡು ಬಾಲ್ ಜಾಯಿಂಟಿನ ಸಡಿಲವನ್ನು ಮರೆಮಾಚಬಹುದು. ಜಾಕನ್ನು ಕೆಳಗಿನ ಆರ್ಮ್ ಅಡಿಯಲ್ಲಿ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಕೊಟ್ಟು, ಟೈರು ನೆಲದಿಂದ ಎರಡು ಬೆರಳಿನಷ್ಟು ಮೇಲೇಳುವ ಹಾಗೆ ಎತ್ತಬೇಕು. ಆಮೇಲೆ ಟೈರಿನ ಅಡಿಗೆ ಹಾರೆಯನ್ನು ತೂರಿಸಿ ಮೆಲ್ಲನೆ ಮೇಲಕ್ಕೆ ಮೀಟುತ್ತಿರುವಾಗ ಇನ್ನೊಬ್ಬರು ಜಾಯಿಂಟಿನ ಮೇಲೆ ಬೆರಳಿಟ್ಟುಕೊಂಡಿರಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವೂ ಬೆರಳಿಗೆ ತಿಳಿಯುತ್ತದೆ. ಎಷ್ಟು ಅಲುಗಾಟ ಸಹ್ಯವೆಂಬ ಅಳತೆ ಆಯಾ ಗಾಡಿಯ ವರ್ಕ್‌ಶಾಪ್ ಕೈಪಿಡಿಯಲ್ಲಿರುತ್ತದೆ, ಆದರೆ ಬೂಟು ಹರಿದು ಒಳಗೆ ಕೆಸರು ಹೊಕ್ಕಿದ್ದರೆ ಅಳೆಯುತ್ತ ಕೂರದೆ ಬದಲಾಯಿಸುವುದೇ ಸರಿ.

ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಅದು ವೀಲ್ ಬೇರಿಂಗಿನದೂ ಆಗಿರಬಹುದು. ಆಗ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಬೇಕು. ಸಡಿಲ ಮಾಯವಾದರೆ ದೋಷ ಬೇರಿಂಗಿನದು, ಹಾಗೆಯೇ ಉಳಿದರೆ ಬಾಲ್ ಜಾಯಿಂಟಿನದು. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಕಂಡರೆ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ತುದಿಯ ಕಡೆ ನೋಡಬೇಕು. ಬುಷ್‌ಗಳ ಪರೀಕ್ಷೆಗೆ ಗಾಡಿಯನ್ನು ಎತ್ತದಿದ್ದರೂ ನಡೆಯುತ್ತದೆ: ಸಂದಿಗಳಲ್ಲಿ ಮೆತ್ತಿದ ಮಣ್ಣನ್ನು ನೀರಿನಿಂದ ತೊಳೆದು, ಟಾರ್ಚ್ ಬಿಟ್ಟು, ಆರ್ಮ್ ಮತ್ತು ಬ್ರಾಕೆಟ್ ನಡುವೆ ಸಣ್ಣ ಹಾರೆಯಿಂದ ಮೀಟಿದಾಗ ರಬ್ಬರಿನಲ್ಲಿ ಬಿರುಕು ಬಾಯಿ ತೆರೆಯುತ್ತದೆಯೇ, ಕೊಳವೆ ನಡುವಿನಿಂದ ಒಂದು ಬದಿಗೆ ಸರಿದಿದೆಯೇ ಎಂದು ನೋಡಬೇಕು. ಕೆಲವು ಬುಷ್‌ಗಳ ರಬ್ಬರಿನಲ್ಲಿ ಕಾರ್ಖಾನೆಯಲ್ಲಿಯೇ ಬೇಕೆಂದು ಬಿಟ್ಟ ಖಾಲಿ ಜಾಗಗಳಿರುತ್ತವೆ. ಅವುಗಳ ಅಂಚು ನುಣುಪಾಗಿರುತ್ತದೆ, ಹರಿದದ್ದರ ಅಂಚು ಒರಟಾಗಿರುತ್ತದೆ.

ಬುಷ್ ಮಾತ್ರವೋ, ಇಡೀ ಆರ್ಮೋ

ಆರ್ಮ್‌ನ ಕಬ್ಬಿಣ ನೇರವಾಗಿದ್ದು, ಬುಷ್ ಕೂರುವ ತೂತು ದುಂಡಗೇ ಉಳಿದಿದ್ದು, ತುಕ್ಕು ಪದರವಾಗಿ ಎದ್ದಿಲ್ಲವಾದರೆ ಹಳೆಯ ಆರ್ಮ್‌ಗೇ ಹೊಸ ಬುಷ್ ಮತ್ತು ಬಾಲ್ ಜಾಯಿಂಟ್ ಹಾಕುವುದು ಒಳ್ಳೆಯ ದಾರಿ. ಆರ್ಮ್ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಕಾಯಿಸಿ ನೆಟ್ಟಗೆ ಮಾಡುವುದಾಗಲೀ ವೆಲ್ಡ್ ಹಚ್ಚುವುದಾಗಲೀ ಕೂಡದು, ಹೊಸದನ್ನೇ ತರಬೇಕು. ಕೆಲವು ಗಾಡಿಗಳಿಗೆ ಬಾಲ್ ಜಾಯಿಂಟನ್ನು ಬಿಡಿಯಾಗಿ ಕೊಡುವುದಿಲ್ಲ, ಆರ್ಮ್ ಸಮೇತವೇ ಕೊಳ್ಳಬೇಕಾಗುತ್ತದೆ. ಆಗ ಹಣ ಉಳಿಸಲೆಂದು ಬೇರೆ ಗಾಡಿಯ ಜಾಯಿಂಟನ್ನು ತೂತಿಗೆ ಬಡಿದು ಕೂರಿಸಿ, ಜಾರದಿರಲೆಂದು ಅಂಚಿಗೆ ನಾಲ್ಕು ಚುಕ್ಕೆ ವೆಲ್ಡ್ ಹಾಕಿಕೊಡುವ ರೂಢಿ ಇದೆ. ಇದನ್ನು ನಾನು ಕೈಮುಗಿದು ಬೇಡವೆನ್ನುತ್ತೇನೆ. ವೆಲ್ಡಿಂಗಿನ ಕಾವು ಜಾಯಿಂಟಿನ ಒಳಗಿರುವ ಪ್ಲಾಸ್ಟಿಕ್ ಬಟ್ಟಲನ್ನು ಕರಗಿಸುತ್ತದೆ, ಗ್ರೀಸನ್ನು ಸುಡುತ್ತದೆ, ಉಕ್ಕಿನ ಹದವನ್ನು ಕೆಡಿಸುತ್ತದೆ. ಹೊರಗೆ ಅಚ್ಚುಕಟ್ಟಾಗಿ ಕಾಣುವುದರಿಂದ ಅದರ ಅಪಾಯ ಇನ್ನೂ ದೊಡ್ಡದು.

ರಬ್ಬರಿನ ಬದಲಿಗೆ ಪಾಲಿಯೂರಿಥೇನ್ ಬುಷ್ ಹಾಕಿದರೆ ಹೇಗೆ ಎಂದು ಕೇಳುವವರಿದ್ದಾರೆ. ಅದು ಎಣ್ಣೆಗೆ ಜಗ್ಗುವುದಿಲ್ಲ, ಬಾಳಿಕೆಯೂ ಹೆಚ್ಚು, ಸ್ಟೀರಿಂಗ್ ಹೇಳಿದಂತೆ ಕೇಳುತ್ತದೆ. ಆದರೆ ಅದು ರಬ್ಬರಿನಂತೆ ತಿರುಚಿಕೊಳ್ಳದೆ ಕೊಳವೆಯ ಸುತ್ತ ಉಜ್ಜಿಕೊಂಡು ತಿರುಗುವುದರಿಂದ ಸಿಲಿಕೋನ್ ಗ್ರೀಸ್ ಇರಲೇಬೇಕು; ಕೆಸರು ಹೊಕ್ಕರೆ ಕಿರುಗುಟ್ಟುತ್ತದೆ, ಸವೆಯುತ್ತದೆ, ಗುಂಡಿಯ ಪೆಟ್ಟನ್ನು ಚಾಸಿಗೆ ನೇರವಾಗಿ ದಾಟಿಸುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ರಾಡಿಯಲ್ಲೇ ಓಡಾಡುವ ಗಾಡಿಗೆ ಕಂಪನಿಯ ರಬ್ಬರ್ ಬುಷ್ಷೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೊರಗಿನ ಕಂಪನಿಗಳ ಗಟ್ಟಿ ಅಪ್ಪರ್ ಆರ್ಮ್ ಬೇಕಾಗುವುದು ಗಾಡಿಯ ಮುಂಭಾಗವನ್ನು ಎತ್ತರಿಸಿದಾಗ, ಮೂಲ ಜಾಯಿಂಟಿನ ಕೋನ ಮಿತಿ ಮೀರುವುದರಿಂದ. ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ ಎಂಬುದನ್ನು ಅದಕ್ಕೆ ಕೈಹಾಕುವ ಮೊದಲು ತಿಳಿದಿರಬೇಕು.

ಬಿಚ್ಚುವ ಮೊದಲು

ಮಳೆ ನಿಂತು, ಅಡಿಕೆ ಕೊನೆಕೊಯ್ಲಿನ ಓಡಾಟ ಜೋರಾಗುವ ಮೊದಲು ಸಿಗುವ ಬಿಡುವು ಈ ಕೆಲಸಕ್ಕೆ ಅನುಕೂಲ. ಮೂರು ದಿನ ಮುಂಚಿನಿಂದ ಸಂಜೆಗೊಮ್ಮೆ ಎಲ್ಲ ನಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತ ಬಂದರೆ ಬಿಚ್ಚುವ ದಿನದ ಶ್ರಮ ಅರ್ಧವಾಗುತ್ತದೆ. ಆ ಎಣ್ಣೆ ಬ್ರೇಕ್ ಡಿಸ್ಕಿಗೆ ತಾಗದಂತೆ ನೋಡಿಕೊಳ್ಳಬೇಕು.

ಜಾಗದ ವಿಷಯದಲ್ಲಿ ಎಚ್ಚರ ಬೇಕು. ಅಡಿಕೆ ಒಣಗಿಸುವ ಅಂಗಳ ನೋಡುವುದಕ್ಕೆ ಸಮತಟ್ಟಾಗಿದ್ದರೂ ಮಣ್ಣಿನ ಅಂಗಳದಲ್ಲಿ ಜಾಕ್ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆ ಹಾಕಬೇಕು. ಸ್ಟ್ಯಾಂಡ್ ಇಲ್ಲವೆಂದು ಜಂಬಿಟ್ಟಿಗೆ ಕಲ್ಲನ್ನು ಒಟ್ಟಿ ಅದರ ಮೇಲೆ ಚಾಸಿಯನ್ನು ಕೂರಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಆ ಕಲ್ಲು, ಕಬ್ಬಿಣದ ಅಂಚಿನ ಭಾರ ಒಂದೇ ಜಾಗಕ್ಕೆ ಬಿದ್ದಾಗ ಸುಳಿವನ್ನೂ ಕೊಡದೆ ಒಡೆದುಹೋಗುತ್ತದೆ. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಅಡಿಗೆ ಹೋಗಬೇಕು. ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೇ ಎತ್ತಿದರೆ ಎಡಬಲದ ಆರ್ಮ್‌ಗಳನ್ನು ಬೆಸೆಯುವ ಸ್ಟೇಬಿಲೈಸರ್ ಸರಳು ತಿರುಚಿಕೊಂಡು ನಿಲ್ಲುವುದಿಲ್ಲ, ಲಿಂಕ್ ಸುಲಭವಾಗಿ ಬಿಡುತ್ತದೆ.

ಎತ್ತುವುದಕ್ಕೆ ಮುಂಚೆ, ಖಾಲಿ ಗಾಡಿ ಸಮನೆಲದ ಮೇಲೆ ನಿಂತಿರುವಾಗ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಎಡಕ್ಕೂ ಬಲಕ್ಕೂ ಬೇರೆ ಬೇರೆ ಬರೆದಿಟ್ಟುಕೊಳ್ಳಬೇಕು. ಒಂದು ನಿಮಿಷದ ಈ ಕೆಲಸ ಕೊನೆಯಲ್ಲಿ ಬುಷ್‌ನ ಆಯುಷ್ಯವನ್ನು ತೀರ್ಮಾನಿಸುತ್ತದೆ. ಹಾಗೆಯೇ, ಆರ್ಮ್‌ನ ಒಳಬೋಲ್ಟುಗಳಿಗೆ ಮೊಟ್ಟೆಯಾಕಾರದ ವಾಷರ್ ಇದ್ದರೆ ಅವು ಅಲೈನ್‌ಮೆಂಟಿನ ಕ್ಯಾಮ್ ಬೋಲ್ಟುಗಳು; ಅವುಗಳ ಸ್ಥಾನಕ್ಕೆ ಬಿಳಿ ಬಣ್ಣದ ಗೆರೆ ಎಳೆದು ಫೋಟೋ ತೆಗೆದುಕೊಳ್ಳಬೇಕು. ಅಪ್ಪರ್ ಆರ್ಮ್‌ನ ಹಿಂದೆ ತಗಡಿನ ಶಿಮ್‌ಗಳಿದ್ದರೆ ಯಾವ ಬೋಲ್ಟಿನಲ್ಲಿ ಎಷ್ಟಿದ್ದವೆಂದು ಎಣಿಸಿ, ದಾರದಲ್ಲಿ ಪೋಣಿಸಿ, ಚೀಟಿ ಕಟ್ಟಿಡಬೇಕು.

ಸ್ಪ್ರಿಂಗ್ ಯಾವ ಬಗೆಯದೆಂಬುದು ಇಲ್ಲಿ ಮುಖ್ಯ. ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಸುತ್ತಲೇ ಬಂಧಿಯಾಗಿದ್ದರೆ ಶಾಕನ್ನು ಇಡಿಯಾಗಿ ಬಿಡಿಸಬಹುದು. ಅದರ ನೆತ್ತಿಯ ನಡುವಿನ ನಟ್ಟನ್ನು ಮಾತ್ರ ಮುಟ್ಟಕೂಡದು. ಆರ್ಮ್ ಮತ್ತು ಚಾಸಿಯ ನಡುವೆ ಬಿಡಿಯಾಗಿ ಅದುಮಿ ಕೂರಿಸಿದ ಸ್ಪ್ರಿಂಗ್ ಆಗಿದ್ದರೆ ಕಂಪ್ರೆಸರ್ ಇಲ್ಲದೆ ಕೈಹಾಕಬಾರದು. ಅದು ಚಿಮ್ಮಿದರೆ ಮನುಷ್ಯ ಉಳಿಯುವುದಿಲ್ಲ. ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಉದ್ದ ಸರಳು, ಎಂದರೆ ಟಾರ್ಶನ್ ಬಾರ್, ಇರುವ ಗಾಡಿಯಲ್ಲಿ ಮೊದಲು ಬಾರ್‌ನ ಸ್ಥಾನಕ್ಕೆ ಗುರುತು ಹಾಕಿ, ಹೊಂದಾಣಿಕೆಯ ಬೋಲ್ಟ್ ಎಷ್ಟು ಹೊರಗಿದೆಯೆಂದು ಅಳೆದು, ಆಮೇಲೆ ಅದರ ಬಿಗಿತ ತೆಗೆಯಬೇಕು. ಈ ಎರಡು ಬಗೆಯವನ್ನು ಮೊದಲ ಸಲ ಅನುಭವಸ್ಥರ ಜೊತೆಗೇ ಮಾಡಬೇಕು.

ಆರ್ಮ್ ಇಳಿಸುವುದು

ಶಾಕ್ ಸುತ್ತ ಸ್ಪ್ರಿಂಗ್ ಇರುವ ಗಾಡಿಯ ಲೋವರ್ ಆರ್ಮ್ ಇಳಿಸುವ ಕ್ರಮವನ್ನು ಹೇಳುತ್ತೇನೆ. ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಅದು ತನ್ನ ರಬ್ಬರ್ ಹೋಸಿನಿಂದ ಜೋತಾಡದಂತೆ ತಂತಿಯಿಂದ ಮೇಲಕ್ಕೆ ಕಟ್ಟಬೇಕು. ಎಬಿಎಸ್ ವೈರಿನ ಕ್ಲಿಪ್‌ಗಳನ್ನು ಬಿಡಿಸಬೇಕು. ಸ್ಟೇಬಿಲೈಸರ್ ಲಿಂಕ್ ಮತ್ತು ಶಾಕ್‌ನ ಕೆಳಗಿನ ಬೋಲ್ಟನ್ನು ತೆಗೆದ ಮೇಲೆ ಉಳಿಯುವುದು ಬಾಲ್ ಜಾಯಿಂಟಿನ ಶಂಕುವಿನಾಕಾರದ ಕಡ್ಡಿ. ಅದರ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಉಳಿಸಿಕೊಂಡು, ನಕಲ್‌ನಲ್ಲಿ ಕಡ್ಡಿ ಕೂತಿರುವ ಭಾಗದ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಮೂರು ಗಟ್ಟಿ ಪೆಟ್ಟು ಕೊಟ್ಟರೆ ಸಾಮಾನ್ಯವಾಗಿ ‘ಟಪ್’ ಎಂದು ಬಿಡುತ್ತದೆ. ಕಡ್ಡಿಯ ತುದಿಗೆ ಹೊಡೆಯುವುದರಿಂದ ಥ್ರೆಡ್ ಹಾಳಾಗುತ್ತದೆಯೇ ಹೊರತು ಜಾಯಿಂಟ್ ಬಿಡುವುದಿಲ್ಲ. ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕು ಚಕ್ರದ ಎಳೆತವಿರುವ ಗಾಡಿಯಲ್ಲಿ ನಕಲ್ ಹೊರಕ್ಕೆ ವಾಲಿ ಡ್ರೈವ್ ಶಾಫ್ಟ್ ಒಳಗಿನಿಂದ ಕಳಚಿಕೊಳ್ಳದಂತೆ ಹಗ್ಗದಲ್ಲಿ ಬಿಗಿಯಬೇಕು.

ಚಾಸಿಯ ಕಡೆಯ ಬೋಲ್ಟುಗಳು ಕ್ಯಾಮ್ ಬೋಲ್ಟುಗಳಾಗಿದ್ದರೆ ತಲೆಯನ್ನು ಹಿಡಿದುಕೊಂಡು ನಟ್ಟನ್ನು ಮಾತ್ರ ತಿರುಗಿಸಬೇಕು. ನಮ್ಮ ಮಳೆಯಲ್ಲಿ ಓಡಾಡಿದ ಗಾಡಿಗಳಲ್ಲಿ ಬೋಲ್ಟ್ ಬುಷ್‌ನ ಒಳಕೊಳವೆಗೆ ತುಕ್ಕಿನಿಂದ ಬೆಸೆದುಹೋಗಿರುವುದು ಅಪರೂಪವಲ್ಲ. ಅಂಥದ್ದನ್ನು ಬಡಿದು ಬ್ರಾಕೆಟನ್ನು ಬಾಗಿಸುವುದಕ್ಕಿಂತ, ಬುಷ್ ಮತ್ತು ಬ್ರಾಕೆಟ್ ನಡುವಿನ ಸಂದಿಯಲ್ಲಿ ಗರಗಸದ ಬ್ಲೇಡ್ ತೂರಿಸಿ ಬೋಲ್ಟನ್ನೇ ಕೊಯ್ದು ಹೊಸ ಬೋಲ್ಟ್ ತರುವುದು ಲೇಸು. ಗ್ಯಾಸ್ ಕಟ್ಟರಿನ ಉರಿ ಇಲ್ಲಿ ಬೇಡ.

ಬುಷ್ ಒತ್ತಿಸುವುದು

ಹೈಡ್ರಾಲಿಕ್ ಪ್ರೆಸ್ ಮನೆಯಲ್ಲಿ ಇರುವುದಿಲ್ಲ. ಆರ್ಮ್‌ಗಳನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೋ, ನಿಮ್ಮ ತಾಲ್ಲೂಕಿನ ಲೇತ್ ಅಂಗಡಿಗೋ ಒಯ್ದರೆ ಒತ್ತಿಸಿಕೊಂಡು ಬರಬಹುದು. ಕೊಟ್ಟು ಬಂದುಬಿಡದೆ ಎದುರಿಗೆ ನಿಂತು ಮಾಡಿಸಬೇಕು. ಹಳೆಯ ಬುಷ್‌ನ ಮುಖದ ಮೇಲಿನ ಬಾಣದ ಗುರುತು ಅಥವಾ ಖಾಲಿ ಜಾಗ ಯಾವ ದಿಕ್ಕಿಗಿತ್ತೆಂದು ಒತ್ತಿ ತೆಗೆಯುವ ಮೊದಲೇ ಆರ್ಮ್ ಮೇಲೆ ಗೀಚಿಕೊಳ್ಳಬೇಕು, ಏಕೆಂದರೆ ಹೊಸದು ಅದೇ ದಿಕ್ಕಿಗೆ ಕೂರಬೇಕು. ಆರ್ಮ್‌ನ ಎರಡು ಕಿವಿಗಳ ನಡುವೆ ಟೊಳ್ಳು ಇದ್ದರೆ ಅಲ್ಲಿಗೆ ಸರಿಯಾದ ಅಳತೆಯ ಪೈಪಿನ ತುಂಡನ್ನು ಆನಿಸದೆ ಒತ್ತಿದರೆ ಕಿವಿ ಬಾಗುತ್ತದೆ. ತೂತಿನ ಒಳಗಿನ ತುಕ್ಕನ್ನು ಉಜ್ಜುಕಾಗದದಿಂದ ತೆಗೆದು ಬರಿಯ ಬೆರಳಿನಿಂದ ಸವರಿ ನೋಡಬೇಕು, ಗೀರು ತಾಗಬಾರದು.

ಹೊಸ ಬುಷ್ ಒತ್ತುವಾಗ ಬಲ ಹೊರಗಿನ ಕಬ್ಬಿಣದ ಬಳೆಯ ಮೇಲೆ ಬೀಳಬೇಕು. ನಡುವಿನ ಕೊಳವೆಯ ಮೇಲೆ ಒತ್ತಿದರೆ ರಬ್ಬರು ಅಂಟಿದ ಜಾಗದಲ್ಲಿ ಅಲ್ಲೇ ಹರಿಯುತ್ತದೆ. ‘ಹೊರಗಿನ ರಿಂಗಿಗೆ ಕೊಡಿ ಮಾರಾಯ್ರೆ, ಒಳಗಿನ ಪೈಪಿಗೆ ಬೇಡ’ ಎಂದು ಹೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ಕೆಲಸಗಾರರು ಬೇಸರಿಸುವುದಿಲ್ಲ. ಜಾರುವುದಕ್ಕೆ ಸೋಪಿನ ನೀರು ಸಾಕು. ಎಂಜಿನ್ ಆಯಿಲ್, ಗ್ರೀಸ್ ಸವರಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಬಾಲ್ ಜಾಯಿಂಟನ್ನು ಒತ್ತಿ ಕೂರಿಸಿದ ಮೇಲೆ ಅದು ಜಾರದಂತೆ ಹಿಡಿಯುವ ಉಂಗುರ, ಸರ್ಕ್ಲಿಪ್, ತನ್ನ ಕಚ್ಚಿನಲ್ಲಿ ಸುತ್ತಲೂ ಕೂತಿದೆಯೇ ಎಂದು ತಿರುಗಿಸಿ ನೋಡಬೇಕು. ಕೈಯಿಂದ ಅದುಮಿದರೇ ಜಾಯಿಂಟ್ ಒಳಹೋಗುವಂತಿದ್ದರೆ ತೂತು ಸವೆದಿದೆ, ಆ ಆರ್ಮ್ ಕೆಲಸಕ್ಕೆ ಬಾರದು.

ಕೂರಿಸುವುದು, ಬಿಗಿಯುವುದು

ಆರ್ಮನ್ನು ಜಾಗಕ್ಕೆ ತಂದು ಚಾಸಿಯ ಬೋಲ್ಟುಗಳನ್ನು ಹಾಕಿ, ನಟ್ಟನ್ನು ಕೈಬಿಗಿಗೆ ಮಾತ್ರ ತಿರುಗಿಸಿ ಬಿಡಬೇಕು. ಬೋಲ್ಟಿನ ನಡುಭಾಗಕ್ಕೆ ತೆಳುವಾಗಿ ಗ್ರೀಸ್ ಸವರಿದರೆ ಮುಂದಿನ ಸಲ ಬೆಸೆದುಕೊಂಡಿರುವುದಿಲ್ಲ, ಆದರೆ ಅದು ಥ್ರೆಡ್ಡಿಗೂ ರಬ್ಬರಿಗೂ ತಾಗಬಾರದು. ಬಾಲ್ ಜಾಯಿಂಟಿನ ಶಂಕು ಒಣಗಿಯೇ ಇರಬೇಕು. ಅದರ ನಟ್ಟನ್ನು ಕೈಪಿಡಿಯ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿದು, ಪಿನ್ನಿನ ತೂತು ಸೇರದಿದ್ದರೆ ಇನ್ನಷ್ಟು ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಿರಬೇಕು. ಲಾಕ್ ನಟ್ ಇದ್ದರೆ ಅದೂ ಹೊಸದಾಗಿರಬೇಕು.

ಇನ್ನು ಮೊದಲೇ ಹೇಳಿದ ಮಾತು. ರಬ್ಬರ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಅದರ ಒಳಕೊಳವೆಯನ್ನು ಬೋಲ್ಟ್ ಬ್ರಾಕೆಟಿಗೆ ಕಚ್ಚಿ ಹಿಡಿಯುತ್ತದೆ, ಹೊರಗಿನ ಬಳೆ ಆರ್ಮ್ ಜೊತೆ ಚಲಿಸುತ್ತದೆ, ನಡುವಿನ ರಬ್ಬರು ತಿರುಚಿಕೊಂಡು ಮರಳುತ್ತದೆ. ಬೋಲ್ಟ್ ಬಿಗಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಆರ್ಮ್ ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕಿಳಿದು ಸುಮ್ಮನೆ ನಿಂತಿರುವಾಗಲೂ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತದೆ; ಅದರ ಮೇಲೆ ಮೂಟೆ ಹೇರಿ ಗುಂಡಿಗೆ ಇಳಿಸಿದಾಗ ತಡೆಯುವ ಮಿತಿ ದಾಟಿ ಹರಿಯುತ್ತದೆ. ನಮ್ಮ ಗಾಡಿಯಲ್ಲಿ ಆದದ್ದು ಇದೇ.

ಆದುದರಿಂದ ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ, ಮುಂಭಾಗವನ್ನು ನಾಲ್ಕಾರು ಸಲ ಅದುಮಿ ಕುಣಿಸಿ, ಐದಾರು ಅಡಿ ಹಿಂದೆ ಮುಂದೆ ತಳ್ಳಿ, ಎತ್ತರ ಬರೆದಿಟ್ಟ ಅಳತೆಗೆ ಬಂದ ಮೇಲೆ ಚಾಸಿಯ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯಬೇಕು. ನೆಲದ ಮೇಲೆ ಅಡಿಗೆ ಕೈ ಹೋಗದಿದ್ದರೆ, ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಜಾಕಿನಿಂದ ಲೋವರ್ ಆರ್ಮನ್ನು ಮೇಲಕ್ಕೆತ್ತುತ್ತ ಹೋಗಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಬರೆದುಕೊಂಡ ಅಳತೆಯೇ ಬಂದಾಗ ಬಿಗಿಯಬಹುದು. ಎತ್ತುವಾಗ ಚಾಸಿ ಸ್ಟ್ಯಾಂಡಿನಿಂದ ಏಳದಂತೆ ನೋಡುತ್ತಿರಬೇಕು. ನಿಖರವಾದ ಟಾರ್ಕ್ ನಿಮ್ಮ ಗಾಡಿಯ ಕೈಪಿಡಿಯಲ್ಲಿದೆ. ಲೋವರ್ ಆರ್ಮ್‌ನ ದೊಡ್ಡ ಬೋಲ್ಟುಗಳಿಗೆ 100 ನ್ಯೂಟನ್ ಮೀಟರಿಗಿಂತ ಹೆಚ್ಚು ಬೇಕಾಗುವುದು ಸಾಮಾನ್ಯ. 100 ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು 10 ಕಿಲೋ ತೂಗುಹಾಕಿದಷ್ಟು ಬಲ. ಅಂದಾಜಿನಲ್ಲಿ ಬಿಗಿದರೆ ಒಬ್ಬರದು ಕಡಿಮೆಯಾಗುತ್ತದೆ, ಇನ್ನೊಬ್ಬರದು ಬೋಲ್ಟನ್ನು ಎಳೆದು ಸೋಲಿಸುತ್ತದೆ.

ಬಿಳಿ ಗೆರೆಗಳನ್ನು ಸರಿಯಾಗಿ ಹೊಂದಿಸಿದ್ದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಆ ಗೆರೆಗಳು ಅಲ್ಲಿಯವರೆಗೆ ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಹೋಗುವುದಕ್ಕಷ್ಟೇ. ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನೇ ನೋಡಿ ಕಳಿಸುವ ಕಡೆ ಹೋಗದೆ, ಕ್ಯಾಂಬರ್ (ಚಕ್ರದ ಒಳಹೊರ ವಾಲು) ಮತ್ತು ಕ್ಯಾಸ್ಟರನ್ನೂ (ಚಕ್ರ ತಿರುಗುವ ಅಕ್ಷದ ಹಿಂದುಮುಂದಿನ ವಾಲು) ಅಳೆದು ಅಚ್ಚು ಹಾಳೆ ಕೊಡುವಲ್ಲಿಗೆ ಹೋಗಬೇಕು. ಅಲ್ಲಿ ಕ್ಯಾಮ್ ಬೋಲ್ಟನ್ನು ಸಡಿಲಿಸಿ ತಿದ್ದಿದರೆ, ಮತ್ತೆ ಬಿಗಿಯುವಾಗ ಚಕ್ರಗಳು ಭಾರ ಹೊತ್ತು ನಿಂತಿವೆಯೇ ಎಂದು ಗಮನಿಸಬೇಕು.

ಮೊದಲ ಒಂದು ವಾರ ಭಾರ ಹೇರದೆ ಓಡಿಸಿ, ಬಳಿಕ ಎಲ್ಲ ಬೋಲ್ಟುಗಳ ಬಿಗಿತವನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಬೇಕು. ಬಿಗಿದ ನಟ್ಟಿನಿಂದ ಬ್ರಾಕೆಟಿನವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಮುಂದೆ ನಟ್ ತಿರುಗಿದೆಯೇ ಎಂಬುದು ಬಗ್ಗಿ ನೋಡಿದರೇ ತಿಳಿಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಆರ್ಮ್‌ಗಳ ಸಂದಿಯ ಕೆಮ್ಮಣ್ಣನ್ನು ಪೈಪಿನ ನೀರಿನಿಂದ ತೊಳೆದು, ಬಾಲ್ ಜಾಯಿಂಟಿನ ಬೂಟನ್ನು ಸುತ್ತಲೂ ಬೆರಳಿನಿಂದ ಸವರಿ ನೋಡಬೇಕು. ಬೆರಳಿಗೆ ಗ್ರೀಸ್ ಅಂಟಿದರೆ ಬೂಟು ಎಲ್ಲೋ ಬಾಯಿ ಬಿಟ್ಟಿದೆ. ಆ ವಾರವೇ ಅದನ್ನು ಬದಲಾಯಿಸಿದರೆ ಜಾಯಿಂಟ್ ಉಳಿಯುತ್ತದೆ.